ಎರಡು ಹೆಜ್ಜಿ, ಒಂದು ಗೇಣು

ನಕ್ಷಿ ಕಾಕಾರ ಕೊರಳಲ್ಲಿ ಎರಡು ದಾರಗಳಿದ್ದವು. ಒಂದರಲ್ಲಿ ಲಿಂಗದ ಕರಡಿಗೆ, ಇನ್ನೊಂದರಲ್ಲಿ ಹಿತ್ತಾಳೆಯ ಮಡಚುವ ಭೂತಗನ್ನಡಿ. ಬಾಗಿದಾಗ ಎರಡೂ ಒಂದಕ್ಕೊಂದು ತಾಗಿ ಟಿಕ್ ಎಂದು ಸದ್ದಾಗುತ್ತಿತ್ತು. ಅವರು ದಿನವಿಡೀ ಬಾಗುತ್ತಲೇ ಇರುತ್ತಿದ್ದುದರಿಂದ, ಆ ಟಿಕ್ ಕೇಳಿದರೆ ಸಾಕು, ನಮ್ಮ ಓಣಿಯ ಹೆಂಗಸರು ನಿಂತಲ್ಲೇ ನಿಂತುಬಿಡುತ್ತಿದ್ದರು. ಬಲಗೈ ಕಿರುಬೆರಳಿನ ಉಗುರನ್ನು ಮಾತ್ರ ಉದ್ದಕ್ಕೆ ಬಿಟ್ಟಿದ್ದರು. ಸೀರೆಯ ದಡಿಯ ಮೇಲೆ ಗಾಜು ಹಿಡಿದು ಆ ಉಗುರಿನಿಂದ ಒಂದೊಂದೇ ಎಳೆ ಎಣಿಸುವುದು. ಸೀರೆ ಉಟ್ಟವರು ಯಾರು, ಎಲ್ಲಿಗೆ ಹೊರಟಿದ್ದಾರೆ, ಅವರಿಗೆ ಬಸ್ಸು ತಪ್ಪುತ್ತದೆಯೇ, ಇದ್ಯಾವುದೂ ಅವರ ತಲೆಗೆ ಹೋಗುತ್ತಿರಲಿಲ್ಲ.

ಬೆಳಗಾವಿಯ ಶಹಾಪುರದ ನಮ್ಮ ಓಣಿಯಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ನೇಕಾರರಿಗೆ ದಡಿ ಮತ್ತು ಸೆರಗಿನ ನಕ್ಷೆ ಬರೆದುಕೊಡುವುದು ಅವರ ಕಸುಬು. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಹೂವನ್ನೋ ಹಕ್ಕಿಯನ್ನೋ ಮೂಡಿಸುವುದು. ಆಮೇಲೆ ಆ ಹಾಳೆಯ ಒಂದು ಸಾಲಿಗೆ ಒಂದರಂತೆ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಯುವುದು. ಆ ರಟ್ಟುಗಳನ್ನು ಸಾಲಾಗಿ ದಾರದಲ್ಲಿ ಹೊಲಿದು ಮಗ್ಗದ ಮೇಲೆ ಏರಿಸಿದರೆ, ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ, ಹೂವು ತಾನಾಗಿ ಬೀಳುತ್ತದೆ. ಹೆಂಗಸರ ಮುಖ ನೋಡಿ ಅವರು ಮಾತಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಕಣ್ಣು ಯಾವಾಗಲೂ ಕೆಳಗೆ, ದಡಿಯ ಮೇಲೆ. ಓಣಿಗೆ ಹೊಸದಾಗಿ ಬಂದ ಸೊಸೆಯಂದಿರು ಎಂಥ ಸಭ್ಯ ಮನುಷ್ಯ ಅಂದುಕೊಳ್ಳುತ್ತಿದ್ದರು. "ಮೊನ್ನಿ ಮುಂಜಾನಿ ಮಾವಿನಕಾಯಿ ದಡಿ ಉಟ್ಟಾಕಿ ಒಬ್ಬಾಕಿ ಬಂದಿದ್ಲಲ್ಲಾ, ಆಕಿ ಯಾರವಾ?" ಎಂದು ಒಮ್ಮೆ ನಮ್ಮ ಅವ್ವನನ್ನು ಕೇಳಿದರು. ಬಂದಿದ್ದವಳು ಅವರ ಸ್ವಂತ ತಂಗಿ.

ಇಂಥ ಮನುಷ್ಯನ ಕೈಗೆ ನಾನು ಕ್ಯಾಮೆರಾ ಕೊಟ್ಟೆ. ತಪ್ಪು ನನ್ನದೇ.

ಎರಡು ಸಾವಿರದ ಇಸವಿ ದಾಟಿ ಮೂರೋ ನಾಲ್ಕೋ ವರ್ಷಗಳಾಗಿದ್ದವು. ನಾನು ಖಾನಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಮುಂಜಾನೆಯ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬೆಳಗಾವಿಗೆ ವಾಪಸಾಗುವುದು. ಎಲ್ಲರೂ ಡಿಜಿಟಲ್ ಡಿಜಿಟಲ್ ಅನ್ನುತ್ತಿದ್ದ ಕಾಲ. ನನಗೂ ಹುಕಿ ಬಂತು. ಗೋವಾಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬರಿಗೆ ಹೇಳಿ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದನ್ನು ತರಿಸಿಕೊಂಡೆ. ಸಾಬೂನಿನ ಡಬ್ಬಿಯಷ್ಟಿದ್ದ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ಕು. ಹಿಂದುಗಡೆ ಅಂಚೆಚೀಟಿಗಿಂತ ತುಸು ದೊಡ್ಡ ಪರದೆ. ಬಿಸಿಲಿನಲ್ಲಿ ಅದರೊಳಗೆ ಕಾಣುತ್ತಿದ್ದದ್ದು ನಮ್ಮದೇ ಮೂಗು. ಗುಂಡಿ ಒತ್ತಿದರೆ ಕ್ಯಾಮೆರಾ ಸ್ವಲ್ಪ ಹೊತ್ತು ವಿಚಾರ ಮಾಡಿ ಆಮೇಲೆ ಫೋಟೋ ತೆಗೆಯುತ್ತಿತ್ತು. ಅಷ್ಟರಲ್ಲಿ ನಕ್ಕವರು ನಗು ಮುಗಿಸಿ ಆಕಳಿಸಿರುತ್ತಿದ್ದರು. ಎರಡು ಪೆನ್ಸಿಲ್ ಸೆಲ್ಲುಗಳು ಹದಿನೈದು ಫೋಟೋಗಳಿಗೇ ಪ್ರಾಣ ಬಿಡುತ್ತಿದ್ದವು. ಆದರೂ ನನಗೆ ಅದರ ಮೇಲೆ ಬಹಳ ಪ್ರೀತಿ. ನಾನು ನನಗೋಸ್ಕರ ತೆಗೆದುಕೊಂಡ ಮೊದಲ ವಸ್ತು ಅದು.

ಮೊದಲ ದಿನ ಅವ್ವನನ್ನು ಬಾಗಿಲಲ್ಲಿ ನಿಲ್ಲಿಸಿ ಫೋಟೋ ತೆಗೆದೆ. ದೊಡ್ಡದಾಗಿ ನೋಡಬೇಕೆಂದು ಓಣಿಯ ತುದಿಯ ಕಂಪ್ಯೂಟರ್ ಕ್ಲಾಸಿಗೆ ಹೊರಟರೆ ಕಾಕಾ ಬೆನ್ನು ಹತ್ತಿದರು. ಅವ್ವನ ಮುಖವನ್ನು ದೊಡ್ಡದು ಮಾಡಿದೆ. ಇನ್ನೂ ದೊಡ್ಡದು ಮಾಡಿದೆ. ಮುಖ ಹೋಗಿ ಬರೀ ಚೌಕಗಳಾದವು. ಮೋಸ ಹೋದೆನಲ್ಲ ಎಂದು ಹೊಟ್ಟೆ ಉರಿಯಿತು. ಪಕ್ಕದಲ್ಲಿ ಟಿಕ್ ಅಂತು. ನೋಡಿದರೆ ಕಾಕಾ ಕಂಪ್ಯೂಟರಿನ ಗಾಜಿಗೆ ಮುಖ ತಾಗಿಸಿ ನಿಂತಿದ್ದಾರೆ.

"ತಂಗಿ, ಇದು ಗ್ರಾಫ್ ಐತೆಲ್ಲಾ!"

"ಗ್ರಾಫ್ ಅಲ್ಲ ಕಾಕಾ. ಫೋಟೋ ಒಡದೈತಿ. ಅಗ್ಗದ್ದು ತಗೊಂಡ್ರ ಹಿಂಗ."

"ಒಡದಿಲ್ಲವಾ, ಬಿಡಿಸಿ ಇಟ್ಟೈತಿ. ನಾ ಮೂರು ದಿನ ಕುಂತು ಮಾಡೂದು ಇದು ಟಕ್ ಅನ್ನೂದ್ರಾಗ ಮಾಡೇತಿ. ನಿಮ್ಮವ್ವನ ಮಾರಿ ಸರಸು. ಕೆಳಗ ದಡಿ ತೋರಸು."

ಅಲ್ಲಿಂದ ನನ್ನ ಗ್ರಹಚಾರ ಸುರುವಾಯಿತು. "ಒಂದ ತಾಸು ಕೊಡವಾ" ಎಂದು ಒಯ್ದ ಕ್ಯಾಮೆರಾ ಮೂರು ದಿನಕ್ಕೆ ಮರಳುತ್ತಿತ್ತು. ಫೋಟೋ ಎಷ್ಟು ಸ್ಪಷ್ಟ ಬರಬೇಕು ಎಂಬುದಕ್ಕೆ ಅದರಲ್ಲಿ ನಕ್ಷತ್ರಗಳಿದ್ದವು. ಮೂರು ನಕ್ಷತ್ರ ಇಟ್ಟರೆ ಚಂದ, ಒಂದು ಇಟ್ಟರೆ ಕಳಪೆ. ಕಾಕಾ ಕೈಯಿಂದ ಬಂದಾಗಲೆಲ್ಲ ಅದು ಒಂದು ನಕ್ಷತ್ರದಲ್ಲಿ ಇರುತ್ತಿತ್ತು. ನಾನು ಮೂರಕ್ಕೆ ಇಡುವುದು, ಅವರು ಒಂದಕ್ಕೆ ಇಳಿಸುವುದು. ಕೇಳಿದರೆ, "ದಡಿಗಿ ನಲವತ್ತೆಂಟು ಎಳಿ, ನಲವತ್ತೆಂಟು ಚೌಕ ಬಂದ್ರ ಮುಗೀತು. ಉಳದ ಲಕ್ಷ ಚೌಕ ತಗೊಂಡು ಏನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಿ?" ಅನ್ನುತ್ತಿದ್ದರು. ಎಷ್ಟು ದೂರ ನಿಂತರೆ ದಡಿಯ ಅಗಲಕ್ಕೆ ಸರಿಯಾಗಿ ನಲವತ್ತೆಂಟು ಚೌಕ ಬೀಳುತ್ತವೆ ಎಂದು ತಿಂಗಳುಗಟ್ಟಲೆ ನಮ್ಮ ಅಂಗಳದಲ್ಲಿ ಅಳೆದು, ಕೊನೆಗೆ ಕಂಡುಹಿಡಿದರು. ಎರಡು ಹೆಜ್ಜಿ, ಒಂದು ಗೇಣು. ಅಂದಿನಿಂದ ಎದುರಿಗೆ ಬಂದ ಹೆಂಗಸರ ಮುಂದೆಲ್ಲ ಈ ಕವಾಯತು. ಕಾಲ ಹತ್ತಿರ ನಿಲ್ಲುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು, ಕೂತು ನೆಲದ ಮೇಲೆ ಒಂದು ಗೇಣು ಅಳೆಯುವುದು, ಅಲ್ಲಾಡಬ್ಯಾಡ್ರಿ ಅನ್ನುವುದು. ಅವರು ಯಾರ ಕ್ಯಾಮೆರಾ ಅಂತ ಕೇಳಿದರೆ ಬೆರಳು ನನ್ನ ಕಡೆ.

ಶಾಲೆಯ ಸ್ನೇಹ ಸಮ್ಮೇಳನದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಾನು ತೆಗೆದ ಫೋಟೋವನ್ನು ಹೆಡ್ ಮಾಸ್ತರರು ಆಫೀಸಿನ ಗೋಡೆಗೆಂದು ದೊಡ್ಡದು ಮಾಡಿಸಿ ತಂದರು. ತಂದು ನನ್ನ ಮೇಜಿನ ಮೇಲಿಟ್ಟು, "ಅಕ್ಕೋರ, ಇದರಾಗ ನಾ ಯಾರು ಅಂತ ಸ್ವಲ್ಪ ತೋರಸ್ರಿ" ಅಂದರು. ಒಂದು ನಕ್ಷತ್ರ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು.

ಇದನ್ನಾದರೂ ನುಂಗಿಕೊಂಡೆ. ನನ್ನ ತಂಗಿಯ ಕುಬುಸದ ದಿನ ಆದದ್ದನ್ನು ಮಾತ್ರ ಇಂದಿಗೂ ಪೂರ್ತಿ ನುಂಗಲಾಗಿಲ್ಲ. ಚೊಚ್ಚಲ ಬಸುರಿ. ಮೈ ತುಂಬ ಹೂವು ಮುಡಿಸಿ, ಹಸಿರು ಸೀರೆ ಉಡಿಸಿ ಕೂಡಿಸಿದ್ದೆವು. ಓಣಿಯ ಹೆಂಗಸರೆಲ್ಲ ಪೆಟ್ಟಿಗೆಯ ತಳದ ಸೀರೆ ತೆಗೆದು ಉಟ್ಟುಕೊಂಡು ಬಂದಿದ್ದರು. ನಾನು ಉಡಿ ತುಂಬುವ ಗಡಿಬಿಡಿಯಲ್ಲಿದ್ದೆ. "ಕಾಕಾ, ತಂಗಿದು ನಾಕ ಫೋಟೋ ತಗೀರಿ. ಮಾರಿ ಬರಬೇಕು ನೋಡ್ರಿ, ಮಾರಿ!" ಎಂದು ಮೂರು ಸಲ ಹೇಳಿ ಕ್ಯಾಮೆರಾ ಕೊಟ್ಟೆ. ಅವರು ಗೋಣು ಆಡಿಸಿದರು. ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಐವತ್ತಕ್ಕೂ ಹೆಚ್ಚು ಫೋಟೋಗಳು. ಒಂದರಲ್ಲೂ ಮುಖವಿಲ್ಲ. ಎಲ್ಲವೂ ಮೊಣಕಾಲ ಕೆಳಗೆ. ದಡಿ, ಕಾಲುಂಗುರ, ಆರತಿ ತಟ್ಟೆಯ ಅರ್ಧ, ಯಾರದೋ ಬಿರುಕು ಬಿಟ್ಟ ಹಿಮ್ಮಡಿ. ತಂಗಿಯದು ಅಂತ ಒಂದೇ ಒಂದಿತ್ತು, ಅದರಲ್ಲಿ ಇದ್ದದ್ದು ಅವಳು ಕೂತ ಮಣೆ. ತಂಗಿ ಅತ್ತಳು. ಬಸುರಿ ಅತ್ತದ್ದು ನೋಡಿ ಅವ್ವನೂ ಅತ್ತಳು. ನಾನು ನೇರ ಎದುರುಮನೆಗೆ ಹೋಗಿ, ಹಿರಿಯರು ಅನ್ನುವುದನ್ನೂ ನೋಡದೆ ಬಾಯಿಗೆ ಬಂದಂತೆ ಬೈದೆ.

ಕಾಕಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೆಳಗೆ ನೋಡುತ್ತಲೇ, "ಅಷ್ಟು ಮಂದಿ ಹಳೇ ಸೀರಿ ಒಮ್ಮೆಲೇ ಮತ್ತ ಯಾವಾಗ ಹೊರಗ ಬೀಳ್ತಿದ್ದುವು ತಂಗಿ?" ಅಂದರು. ನನಗೆ ಮೈ ಇನ್ನಷ್ಟು ಉರಿಯಿತು. ಕ್ಯಾಮೆರಾ ಕಸಿದುಕೊಂಡು ಬಂದುಬಿಟ್ಟೆ.

ಅವ್ವ ಕಣ್ಣೊರೆಸಿಕೊಂಡು, "ಅವರಿಗಿ ಹಂಗ ಅನಬಾರದಿತ್ತು. ಅವರು ಹುಡುಕೂದು ಬ್ಯಾರೇನ ಐತಿ" ಎಂದಳು. ಆ ಕಥೆ ನನಗೆ ತಿಳಿದದ್ದು ಆವತ್ತೇ.

ಕಾಕಾರ ಅಪ್ಪನೂ ನಕ್ಷೆ ಬರೆಯುವವರು. ಅವರು ಬರೆದ ಗುಬ್ಬಿಸಾಲಿನ ದಡಿ ಒಂದು ಕಾಲಕ್ಕೆ ಶಹಾಪುರದಲ್ಲಿ ಹೆಸರಾಗಿತ್ತಂತೆ. ಕಪ್ಪು ನೆಲದ ಮೇಲೆ ಕೆಂಪು ಗುಬ್ಬಿಗಳು, ಪ್ರತಿಯೊಂದರ ಕೊಕ್ಕಿನಲ್ಲಿ ಒಂದು ಕಾಳು. ಐದು ಗುಬ್ಬಿ ಮುಂದೆ ನೋಡುತ್ತ ಹೋಗುತ್ತವೆ, ಆರನೆಯದು ತಿರುಗಿ ಹಿಂದೆ ನೋಡುತ್ತದೆ. ಮತ್ತೆ ಐದು, ಮತ್ತೆ ಒಂದು. ಕಾಕಾ ಇಪ್ಪತ್ತರ ಹರೆಯದಲ್ಲಿದ್ದಾಗ ವಿದ್ಯುತ್ ಮಗ್ಗಗಳು ಬಂದವು, ಗುಬ್ಬಿಸಾಲನ್ನು ಕೇಳುವವರಿಲ್ಲವಾದರು. ಹೊಸ ನಮೂನೆ ಬರೆಯಲು ಅಪ್ಪ ಒಪ್ಪಲಿಲ್ಲ. ಅಪ್ಪ ಮಗನಿಗೆ ಜಗಳ ಹತ್ತಿತು. ಒಂದು ಮುಂಜಾನೆ ಮಗ ಸಿಟ್ಟಿನ ಭರದಲ್ಲಿ ಆ ದಡಿಯ ರಟ್ಟುಗಳನ್ನೂ ನಕ್ಷೆಯ ಹಾಳೆಯನ್ನೂ ಬಚ್ಚಲ ಒಲೆಗೆ ತುರುಕಿ ಅಪ್ಪನ ಜಳಕಕ್ಕೆ ನೀರು ಕಾಯಿಸಿದ. ಅಪ್ಪ ಬಂದು ಒಲೆಯಲ್ಲಿ ಉರಿಯುತ್ತಿದ್ದುದನ್ನು ನೋಡಿದರು. ಆ ನೀರಿನಿಂದಲೇ ಜಳಕ ಮಾಡಿದರು. ಆಮೇಲೆ ಸಾಯುವವರೆಗೂ ಒಂದು ಚೌಕಕ್ಕೂ ಬಣ್ಣ ತುಂಬಲಿಲ್ಲ.

"ಆ ದಡಿ ಇನ್ನೊಮ್ಮೆ ಮಗ್ಗದ ಮ್ಯಾಲ ಏರಸಬೇಕಂತ ಹಟ ಅವರ್ದು. ಒಂದ ಸೀರಿ ಸಿಕ್ಕರ ಸಾಕು, ಎಣಿಸಿ ಬರಕೋತಾರ. ಸಿಗವೊಲ್ಲದು" ಎಂದಳು ಅವ್ವ.

ಮರುದಿನ ಕ್ಯಾಮೆರಾವನ್ನು ನಾನೇ ಒಯ್ದು ಅವರ ಕಟ್ಟೆಯ ಮೇಲಿಟ್ಟೆ. ಕ್ಷಮಿಸಿರಿ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಸಿಟ್ಟೇನೂ ಪೂರ್ತಿ ಇಳಿದಿರಲಿಲ್ಲ. ಅಪ್ಪನಿಗೆ ಮಾಡಿದ್ದರ ದಂಡವನ್ನು ನನ್ನ ತಂಗಿ ಯಾಕೆ ತೆರಬೇಕು ಎಂದು ಮನಸ್ಸು ಒಳಗೊಳಗೇ ಗೊಣಗುತ್ತಿತ್ತು. ಆದರೆ ನನಗೊಂದು ಕೆಟ್ಟ ಚಟ ಅಂಟಿಕೊಂಡಿತು. ಬಸ್ಸಿನಲ್ಲಿ, ಸಂತೆಯಲ್ಲಿ, ಶಾಲೆಗೆ ಬಂದ ತಾಯಂದಿರ ಕಾಲ ಬಳಿ, ನನ್ನ ಕಣ್ಣೂ ಗುಬ್ಬಿ ಹುಡುಕತೊಡಗಿತು.

ಸಿಕ್ಕಿದ್ದು ಯಾರ ಕಾಲ ಬಳಿಯೂ ಅಲ್ಲ. ಖಾನಾಪುರದ ಮಳೆಗಾಲ, ಒಂದು ಮಧ್ಯಾಹ್ನ ಎಂಟನೇ ತರಗತಿಯ ಹುಡುಗಿಗೆ ಜ್ವರ ಬಂತು. ನಮ್ಮ ಶಾಲೆಯಲ್ಲಿ ಗಂಟೆ ಬಾರಿಸಿ ಕಸ ಗುಡಿಸುವ ಮುದುಕಿಯೊಬ್ಬಳಿದ್ದಳು, ಎಲ್ಲರೂ ಆಯಿ ಅನ್ನುತ್ತಿದ್ದರು. ಜಾಂಬೋಟಿ ಕಡೆಯ ಹಳ್ಳಿಯವಳು, ಮನೆಮಾತು ಮರಾಠಿ. ಮಳೆಗೆ ಬಸ್ಸು ತಪ್ಪಿದ ದಿನ ಸಾಮಾನು ಕೋಣೆಯಲ್ಲೇ ಮಲಗುತ್ತಿದ್ದಳು. ಆಕೆ ತನ್ನ ಕೌದಿ ಹಾಸಿ ಹುಡುಗಿಯನ್ನು ಮಲಗಿಸಿದಳು. ಹಳೆಯ ಸೀರೆಯ ತುಂಡುಗಳನ್ನೆಲ್ಲ ಕೂಡಿಸಿ ಹೊಲಿದ ಕೌದಿ. ಹುಡುಗಿಯ ಹಣೆ ಮುಟ್ಟಲು ಬಾಗಿದವಳು ಹಾಗೇ ನಿಂತುಬಿಟ್ಟೆ. ಕೌದಿಯ ಅಂಚಿಗೆ ಗೇಣುದ್ದದ ಕಪ್ಪು ಪಟ್ಟಿ, ಅದರಲ್ಲಿ ಮಾಸಿದ ನಾಲ್ಕು ಗುಬ್ಬಿಗಳು, ಕೊಕ್ಕಿನಲ್ಲಿ ಕಾಳು. ನಾಲ್ಕೂ ಮುಂದೆ ನೋಡುತ್ತಿದ್ದವು. ಐದನೆಯದರ ಜಾಗದಿಂದ ಆಚೆಗೆ ಹೂವಿನ ಬಟ್ಟೆಯ ತೇಪೆ ಹಾಕಿ ಗಟ್ಟಿಯಾಗಿ ಹೊಲಿದಿತ್ತು.

ಫೋಟೋ ತೆಗೆಯೋಣವೆಂದರೆ ಕ್ಯಾಮೆರಾ ಎಲ್ಲಿದೆ? ಕಾಕಾ ಬಳಿ.

ಸಂಜೆ ಹೋಗಿ ಹೇಳಿದೆ. ಅವರದು ಒಂದೇ ಮಾತು. "ಆರನೇದು?"

"ಕಾಣಲಿಲ್ಲ ಕಾಕಾ. ಮ್ಯಾಲ ತೇಪಿ ಹಚ್ಯಾರ."

"ಮುಂಜಾನಿ ಎಷ್ಟಕ್ಕ ನಿನ್ನ ಬಸ್ಸು?"

ಸುರಿಯುವ ಮಳೆಯಲ್ಲಿ ಬಂದರು. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಗಿಯೊಳಗೆ, ಸೆಲ್ಲುಗಳು ಬೆಚ್ಚಗಿರಲಿ ಅಂತ ಬಗಲಲ್ಲಿ. ನಿಂತಿದ್ದ ಹೆಂಗಸರ ದಡಿ ನೋಡಲು ಬಸ್ಸಿನಲ್ಲೂ ಎರಡು ಸಲ ಬಾಗಿ ಕಂಡಕ್ಟರನ ಬೈಗುಳ ತಿಂದರು. ನಾನು ಕಿಟಕಿ ಕಡೆ ಮುಖ ತಿರುಗಿಸಿ, ಈ ಮನುಷ್ಯ ಯಾರೋ ನಾನು ಯಾರೋ ಎಂಬಂತೆ ಕೂತಿದ್ದೆ.

ಆಯಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ಕೌದಿಯನ್ನು ಎದೆಗವಚಿಕೊಂಡು ನಿಂತಳು. "ಕೌದಿ ವಿಕ್ರೀಗಿ ಇಲ್ಲ ಬಾಯಿ. ನಮ್ಮ ಸಾಸೂಬಾಯಿ ಲಗ್ನದ ಸೀರಿ ಐತಿ ಇದರಾಗ" ಅಂದಳು. ಸೀರೆ ಅವಳ ಅತ್ತೆಯದು, ಅತ್ತೆ ತೀರಿಹೋದ ಮೇಲೆ ಹರಿದು ಕೌದಿಗೆ ಸೇರಿಸಿದ್ದು. ಆಗ ನಾನು ಯಾವತ್ತೂ ಕಾಣದ ಒಂದನ್ನು ಕಂಡೆ. ಕಾಕಾ ತಲೆ ಎತ್ತಿ ಆ ಮುದುಕಿಯ ಮುಖ ನೋಡಿದರು.

"ಆಯಿ, ಇದು ನಮ್ಮಪ್ಪನ ಕೈ. ನಾ ಸುಟ್ಟೇನಿ ಇದನ್ನ. ಒಯ್ಯಾಕ ಬಂದಿಲ್ಲ, ನೋಡಾಕ ಬಂದೇನಿ. ಹೊಲಗಿ ಬಿಚ್ಚಬ್ಯಾಡ್ರಿ, ಕಂಡಷ್ಟ ಕಾಣ್ಲಿ."

ಆಯಿ ಅವರನ್ನೂ ನೋಡಿದಳು, ನನ್ನನ್ನೂ ನೋಡಿದಳು. ಆಮೇಲೆ ನೆಲದ ಮೇಲೆ ಕೂತು, ತೇಪೆಯ ದಾರವನ್ನು ಹಲ್ಲಿನಿಂದ ಕಡಿದಳು. "ಟಾಕಾ ಏನ್, ಮತ್ತ ಹಾಕಬೋದು ರಾವ್" ಎನ್ನುತ್ತ ಒಂದೊಂದೇ ಹೊಲಿಗೆ ಬಿಚ್ಚಿದಳು.

ತೇಪೆ ಎದ್ದಿತು. ಅದರ ಕೆಳಗೆ ಬಿಸಿಲೂ ನೀರೂ ತಾಗದ ಬಟ್ಟೆ, ಮಗ್ಗದಿಂದ ಈಗಷ್ಟೇ ಇಳಿದಂತೆ ಕೆಂಪಗಿತ್ತು. ಐದನೆಯ ಗುಬ್ಬಿ. ಅದರ ಪಕ್ಕ ಆರನೆಯದು, ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತ.

ಕಾಕಾ ಬಾಗಿದರು. ಟಿಕ್ ಅಂತು. ಗಾಜು ಇಟ್ಟು ಉಗುರಿನಿಂದ ಎಣಿಸತೊಡಗಿದರು. ನಿಲ್ಲಿಸಿದರು. ಮತ್ತೆ ಮೊದಲಿಂದ ಎಣಿಸಿದರು. ಮತ್ತೆ ನಿಲ್ಲಿಸಿದರು. ಆಮೇಲೆ ಭೂತಗನ್ನಡಿಯ ದಾರವನ್ನು ಕೊರಳಿಂದ ತೆಗೆದು ನನ್ನ ಕೈಗೆ ಕೊಟ್ಟರು. ಯಾರಿಗೂ ಮುಟ್ಟಲು ಬಿಡದ ಗಾಜು ಅದು.

"ಚುಂಚಿನ್ಯಾಗ ಎಷ್ಟ ಎಳಿ ಅದಾವ ನೋಡವಾ."

"ಯಾಕ ಕಾಕಾ, ನಿಮಗ ಕಾಣವೊಲ್ದೇನು?"

"ವರ್ಷದ ಮ್ಯಾಲಾತು. ಸಕ್ಕರಿ ಬ್ಯಾನಿ ಕಣ್ಣಿಗಿ ಇಳದೈತಿ. ಗಾಜಿನ್ಯಾಗ ಬರೇ ಮಬ್ಬು. ಆ ನಿನ್ನ ಕಂಪ್ಯೂಟರಿನ್ಯಾಗಿನ ದೊಡ್ಡ ಚೌಕ ಅಷ್ಟ ಕಾಣತಾವ."

ಒಂದು ನಕ್ಷತ್ರ. ನನಗೆ ಒಮ್ಮೆಲೇ ಎಲ್ಲ ತಿಳಿಯಿತು. ಅಷ್ಟು ಬೈದೆನಲ್ಲ ಎಂದು ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಮೊದಲ ಹೇಳಾಕ ಏನಾಗಿತ್ತು ನಿಮಗ?" ಎಂದು ಆಯಿಯ ಎದುರಿಗೇ ಕೂಗಿದೆ.

"ಹೇಳಿದ್ರ ನಿಮ್ಮವ್ವ ದವಾಖಾನಿಗಿ ಎಳಕೊಂಡ ಹೋಕ್ಕಿದ್ಲು" ಅಂದರು.

ಎಣಿಸಿದೆ. ಕೊಕ್ಕಿನಲ್ಲಿ ಮೂರು ಎಳೆ, ಕಾಳಿಗೆ ಎರಡು. ಆಮೇಲೆ ಕೌದಿಯನ್ನು ಕಿಟಕಿಯ ಬೆಳಕಿಗೆ ಗೋಡೆಗೆ ತೂಗುಹಾಕಿ ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು, ಕೂತು ಗೇಣು ಅಳೆದರು. ಕ್ಯಾಮೆರಾ ಕಣ್ಣು ತೆರೆದು, ಕುಂಯ್ ಅಂದು, ಆರಿತು. ಸೆಲ್ಲುಗಳನ್ನು ತೆಗೆದು ಧೋತರಕ್ಕೆ ಗಸಗಸ ತಿಕ್ಕಿದರು. ಮತ್ತೆ ಆರಿತು. ನಾನು ಸ್ಟಾಫ್ ರೂಮಿಗೆ ಓಡಿ ಗೋಡೆ ಗಡಿಯಾರದ ಸೆಲ್ಲು, ಹೆಡ್ ಮಾಸ್ತರರ ಟೇಬಲ್ ಗಡಿಯಾರದ ಸೆಲ್ಲು, ಎರಡೂ ಕಿತ್ತು ತಂದೆ. ಆವತ್ತು ನಮ್ಮ ಶಾಲೆ ಇಪ್ಪತ್ತು ನಿಮಿಷ ತಡವಾಗಿ ಬಿಟ್ಟಿತು. ಸೆಲ್ಲು ತೆಗೆದದ್ದಕ್ಕೆ ತಾನಾಗಿ ಮೂರಕ್ಕೆ ಏರಿದ್ದ ಕ್ಯಾಮೆರಾವನ್ನು ಒಂದು ನಕ್ಷತ್ರಕ್ಕೆ ನಾನೇ ಇಳಿಸಿ ಅವರ ಕೈಗೆ ಕೊಟ್ಟೆ. ಕ್ಯಾಮೆರಾ ವಿಚಾರ ಮಾಡುವವರೆಗೂ ಕಾಕಾ ಉಸಿರು ಬಿಡದೆ ಕೂತಿದ್ದರು.

ಮುಂದಿನ ಹನ್ನೊಂದು ಭಾನುವಾರಗಳು ನನ್ನವಾಗಿ ಉಳಿಯಲಿಲ್ಲ. ಕಂಪ್ಯೂಟರ್ ಕ್ಲಾಸಿನಲ್ಲಿ ಕಾಕಾ ಪರದೆಗೆ ಮೂಗು ತಾಗಿಸಿ ಕೂಗುವುದು, ನಾನು ಹಾಳೆಯ ಮೇಲೆ ಕೆಂಪು ಪೆನ್ಸಿಲಿನಿಂದ ತುಂಬುವುದು. "ಮೂರು ಬಿಡು, ಎರಡು ಹಿಡಿ. ಒಂದು ಬಿಡು, ಏಳು ಹಿಡಿ." ಫೋಟೋದ ಚೌಕಗಳಲ್ಲಿ ಅರ್ಧ ಕೆಂಪಲ್ಲ, ಕಪ್ಪೂ ಅಲ್ಲ, ಏನೋ ಒಂದು ಕಂದು. ಅದು ಗುಬ್ಬಿಯೋ ನೆಲವೋ ಎಂದು ನಿರ್ಧರಿಸುವುದು ಕಾಕಾರ ಕಸುಬು. ಒಂದೊಂದು ಚೌಕಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದರು. ಒಂದು ಚೌಕ ತಪ್ಪಿದರೆ ಇಡೀ ಸಾಲು ಅಳಿಸು. "ವಿಜ್ಞಾನ ಕಲಸ್ತೀ ಅಂತೀದಿ, ಏಳು ಎಣಸಾಕ ಬರೂದಿಲ್ಲಾ?" ಎಂದು ಕಂಪ್ಯೂಟರ್ ಕಲಿಯಲು ಬಂದವರ ಮುಂದೆ ಅನ್ನಿಸಿಕೊಂಡಿದ್ದೇನೆ. ಎರಡು ಸಲ ಪೆನ್ಸಿಲು ಎಸೆದು ಎದ್ದುಬಂದೆ. ಎರಡು ಸಲವೂ ಮುಂದಿನ ಭಾನುವಾರ ಅವರು ಬಾಗಿಲಿಗೆ ಬಂದು, ಏನೂ ಆಗಿಲ್ಲವೆಂಬಂತೆ, "ಬಾರವಾ, ಆರನೇದಕ್ಕ ಹತ್ತೂಣು" ಅಂದರು.

ಆರನೆಯದನ್ನು ತುಂಬುವಾಗ ಕೇಳಿದೆ. "ಇದೊಂದ ಯಾಕ ಹಿಂದ ನೋಡತೈತಿ ಕಾಕಾ?"

"ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳೂ ವಯಸ್ಸಿನ್ಯಾಗ ಒಲಿ ಹಚ್ಚಕೋತ ಕುಂತಿದ್ದೆ."

ಪರದೆಗೆ ಮತ್ತೆ ಮೂಗು ತಾಗಿಸಿ, "ನಾಕು ಬಿಡು, ಮೂರು ಹಿಡಿ" ಅಂದರು.

ಆರು ಗುಬ್ಬಿಗಳಿಗೆ ಇನ್ನೂರ ನಲವತ್ತು ಸಾಲು, ಇನ್ನೂರ ನಲವತ್ತು ರಟ್ಟು. ತೂತು ಹೊಡೆಯುವುದನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನಾನು ಸಾಲು ಓದಿ ಹೇಳುವುದು, ಅವರು ಬೆರಳಿನಿಂದ ತಡವಿ ಹೊಡೆಯುವುದು. ಹಿಂದಿನ ಓಣಿಯಲ್ಲಿ ಒಂದು ಕೈಮಗ್ಗ ಉಳಿದಿತ್ತು, ಅದರ ಮೇಲೆ ಏರಿಸಿದರು. ಮೊದಲ ಸೀರೆ ಇಳಿದ ದಿನ ಕಾಕಾ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತರು. ಕಣ್ಣು ಎಲ್ಲೋ ಇತ್ತು. ಉಗುರು ಮಾತ್ರ ದಡಿಯ ಮೇಲೆ ನಿಧಾನವಾಗಿ ಸರಿಯುತ್ತ ಹೋಯಿತು. ಒಂದು, ಎರಡು, ಮೂರು, ನಾಲ್ಕು, ಐದು. ಆರನೆಯದರ ಮೇಲೆ ನಿಂತಿತು. "ಗೋಣು ಹಿಂದ ಹೊಳ್ಳೇತಿ" ಅಂದರು. ಅಷ್ಟೇ.

ಆ ಸೀರೆಯನ್ನು ಖಾನಾಪುರದ ಆಯಿಗೇ ಕೊಡಬೇಕೆಂದು ಹಟ ಹಿಡಿದು ಮತ್ತೆ ನನ್ನ ಜೊತೆ ಬಸ್ಸು ಹತ್ತಿದರು. ಆಯಿ ಸೀರೆಯನ್ನು ಮಡಿಲಿಗೆ ಹಾಕಿಕೊಂಡು, ಮಡಿಕೆ ಬಿಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದಳು. "ಚೊಲೋ ಐತಿ. ಹಳೇದಾದ ಮ್ಯಾಲ ಕೌದಿಗಿ ಚೊಲೋ ಬರತೈತಿ" ಅಂದಳು. ನನಗೆ ಹಣೆ ಹಣೆ ಬಡಿದುಕೊಳ್ಳಬೇಕೆನ್ನಿಸಿತು. ಹನ್ನೊಂದು ಭಾನುವಾರ! ಕಾಕಾ ಮಾತ್ರ, ನಾನು ಹಿಂದೆಂದೂ ಕೇಳದಷ್ಟು ದೊಡ್ಡದಾಗಿ ನಕ್ಕರು. "ಹಂಗಂದ್ರ ಇನ್ನ ಚಿಂತಿ ಇಲ್ಲ" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಯಾರ ಕಾಲ ಕಡೆಗೂ ಬಾಗಲಿಲ್ಲ.

ಅದಾದ ಮೇಲೆ ಎರಡು ವರ್ಷ ಇದ್ದರು. ಕಣ್ಣು ಪೂರ್ತಿ ಹೋಗಿತ್ತು. ಕ್ಯಾಮೆರಾ ನನ್ನ ಬಳಿಯೇ ಉಳಿಯಿತು, ಮೂರು ನಕ್ಷತ್ರದಲ್ಲಿ. ಆದರೆ ಅಷ್ಟರಲ್ಲಿ ಅದರ ಮುಚ್ಚಳ ಮುರಿದು, ರಬ್ಬರ್ ಬ್ಯಾಂಡು ಹಾಕಿದರೆ ಮಾತ್ರ ಸೆಲ್ಲು ನಿಲ್ಲುತ್ತಿತ್ತು. ಅದರಲ್ಲಿ ಕಾಕಾರ ಒಂದು ಫೋಟೋ ಕೂಡ ಇಲ್ಲ. ಯಾವಾಗಲೂ ಅವರ ಕೈಯಲ್ಲೇ ಇರುತ್ತಿದ್ದುದು, ಹೇಗೆ ಇದ್ದೀತು? ಈಗ ತೆಗೆಯೋಣ ಎಂದು ಒಮ್ಮೆ ಹೋದರೆ, "ನನ್ನ ಮಾರಿ ತಗೊಂಡು ಏನ್ ಮಾಡ್ತಿ, ಉಪ್ಪಿನಕಾಯಿ ಹಾಕ್ತೀಯೇನು?" ಎಂದು ಓಡಿಸಿದರು.

ಅವರು ತೀರಿಕೊಂಡದ್ದು ಒಂದು ಮುಂಜಾನೆ. ನಾನು ಹೋಗುವಷ್ಟರಲ್ಲಿ ಅಂಗಳ ತುಂಬಿತ್ತು. ಕಾಕಾರ ಹೆಂಡತಿ ಕಾಕು ಗೋಡೆಗೆ ಒರಗಿ ಕೂತಿದ್ದರು, ಅಳು ಮುಗಿದಿತ್ತು. ಕಾಕಾಗೆ ಕೊನೆಯ ಸ್ನಾನ ಮಾಡಿಸಬೇಕು, ನೀರು ಕಾಯಿಸಿರಿ ಎಂದು ಹಿರಿಯರೊಬ್ಬರು ಹೇಳಿದರು. ಸಾಂಬ್ರಾದಿಂದ ಬಂದ ಅವರ ಸಂಬಂಧಿಕರೊಬ್ಬರು ಬಚ್ಚಲಿಗೆ ಹೋದರು. ನಾನು ನೀರಿನ ಕೊಡ ಹಿಡಿದು ಹಿಂದೆಯೇ ಹೋದೆ. ಮಳೆಗೆ ಕಟ್ಟಿಗೆ ಎಲ್ಲ ತೊಯ್ದಿತ್ತು. ಅವರು ಅತ್ತಿತ್ತ ನೋಡಿ, ಮಗ್ಗದಿಂದ ಇಳಿಸಿ ಅಟ್ಟದ ಮೇಲಿಟ್ಟಿದ್ದ ಒಣಗಿದ ರಟ್ಟಿನ ಕಂತೆಯೊಂದನ್ನು ಎಳೆದು, ದಾರ ಹರಿದು, ಒಲೆಯ ಬಾಯಿಗೆ ಹಿಡಿದರು.

ಕೊಡ ಎಲ್ಲಿ ಬಿತ್ತೋ ಗೊತ್ತಿಲ್ಲ. ನಾನು ಆ ಮನುಷ್ಯನ ಕೈಗೆ ಜೋತುಬಿದ್ದಿದ್ದೆ. "ಕೈ ಮುರೀತೇನಿ, ಬಿಡ್ರಿ!" ಎಂದು ಸಾವಿನ ಮನೆಯಲ್ಲಿ ಕಿರುಚಿದೆ. ಅಂಗಳದ ಜನರೆಲ್ಲ ಬಚ್ಚಲ ಬಾಗಿಲಿಗೆ ಬಂದರು. ಆ ಪುಣ್ಯಾತ್ಮರಿಗೆ ಏನೂ ತಿಳಿಯದೆ, ಹಳೇ ರಟ್ಟಿಗೆ ಇಷ್ಟು ರಂಪ ಯಾಕೆಂದು ಕಣ್ಣು ಕಣ್ಣು ಬಿಡುತ್ತಿದ್ದರು. ಸತ್ತ ಮೇಲೂ ಈ ಕಾಕಾ ನಾಲ್ಕು ಜನರ ಮುಂದೆ ನನ್ನ ಮಾನ ತೆಗೆದರಲ್ಲ ಅನ್ನಿಸಿ, ಅಷ್ಟು ಹೊತ್ತು ಬಾರದ ಅಳು ಆಗ ಬಂತು. ಕಾಕು ಕೂತಲ್ಲಿಂದಲೇ ಅಂದರು, "ಕೊಡ್ರಿ ಆಕಿಗಿ. ಅದು ಆಕೀದ."

ಅವ್ವ ನಮ್ಮ ಮನೆಯಿಂದ ಒಣ ಕಟ್ಟಿಗೆ ತಂದಳು. ಉರಿ ಹತ್ತಲು ತಡವಾಯಿತು. ನೀರು ಕಾಯುವವರೆಗೂ ನಾನು ಒಲೆಯ ಮುಂದೆ ಕೂತು, ಕಂತೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ರಟ್ಟು ತಿರುವಿ ಎಣಿಸಿದೆ. ಇನ್ನೂರ ನಲವತ್ತೂ ಇದ್ದವು.